ಸೊಟ್ಟ ಮೆಟ್ಟಿಲಿನ ಇಂಜಿನ್

ಹಾಸ್ಟೆಲ್, ಕೋಣೆ ೨೧೪
ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ತಾತ,

ಇದ್ದಕ್ಕಿದ್ದಂತೆ ಪತ್ರ ಬಂತಲ್ಲಾ ಎಂದು ಗಾಬರಿಯಾಗಬೇಡಿ, ಬರೆದದ್ದಕ್ಕೆ ಮೊದಲೇ ಸಾರಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಇದನ್ನು ಕಾರಿಡಾರಿನಲ್ಲಿ ನಿಂತು ಕೂಗಿ ಹೇಳುವ ಧೈರ್ಯ ನನಗಿಲ್ಲ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳ ಕನ್ನಡ, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಮಂಡಿ ನೋವು ಹೇಗಿದೆ? ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೀರಾ, ಇಲ್ಲಾ ಅಜ್ಜಿಯ ಮುಂದೆ ಸುಮ್ಮನೆ ಕಣ್ಣುಜ್ಜಿಕೊಳ್ಳುತ್ತೀರಾ? ನಾನು ಚೆನ್ನಾಗಿದ್ದೇನೆ. ಅಂದರೆ, ಊಟ ಮಾಡುತ್ತಿದ್ದೇನೆ. ಸಂಗತಿ ಏನೆಂದರೆ, ನೀವು ಮಾಡಿದ ಪುಟ್ಟ ಇಂಜಿನ್ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿಬಿಟ್ಟೆ.

ನಾನು ಹೊರಡುವಾಗ "ಓದಿ ಓದಿ ಬೇಜಾರಾದ್ರೆ ಇದರ ಚಕ್ರ ತಿರುಗಿಸು" ಎಂದು ಅದನ್ನು ನನ್ನ ಟ್ರಂಕಿನಲ್ಲಿ ಇಟ್ಟಿರಲ್ಲ, ಅವತ್ತಿನಿಂದ ಅದು ನನ್ನ ಮೇಜಿನ ಮೇಲೇ ಇತ್ತು. ತಾತ, ಇಲ್ಲಿಗೆ ಬಂದು ಅಳತೆ, ಡ್ರಾಯಿಂಗ್ ಎಲ್ಲ ಕಲಿತ ಮೇಲೇ ನನಗೆ ಅದು ಕಾಣಿಸಿದ್ದು. ನೀವು ಕೆಲಸಕ್ಕಿದ್ದ ಇಟ್ಟಿಗೆ ಕಾರ್ಖಾನೆಯಲ್ಲಿ ಮಣ್ಣಿನ ಟ್ರಾಲಿ ಎಳೆಯುತ್ತಿದ್ದ ಅಷ್ಟು ದೊಡ್ಡ ಇಂಜಿನ್ನನ್ನು ಹನ್ನೆರಡರಲ್ಲಿ ಒಂದು ಪಾಲು ಮಾಡಿ ಒಂದೂವರೆ ಗೇಣಿಗೆ ಇಳಿಸಿದ್ದೀರಿ. ಬೆನ್ನ ಮೇಲಿನ ನೀರಿನ ಟ್ಯಾಂಕಿಗೆ ಹೊಡೆದ ರಿವೆಟ್ಟುಗಳ ಸಾಲು ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಬೆರಳುಗುರಿನಷ್ಟು ಇರುವ ಒಲೆಬಾಗಿಲು ತೆರೆದು ಮುಚ್ಚುತ್ತದೆ. ನಾವು ಮೆಷಿನ್ ಇಟ್ಟುಕೊಂಡೂ ಒಂದು ಚೌಕವನ್ನು ಚೌಕವಾಗಿ ಮಾಡಲು ಒದ್ದಾಡುತ್ತಿದ್ದೇವೆ. ನೀವು ಬರೀ ಕೈಯಲ್ಲಿ ಅರ ಉಜ್ಜಿ ಇಷ್ಟೆಲ್ಲ ಮಾಡಿದಿರಿ.

ಬರುವ ತಿಂಗಳ ಓಪನ್ ಡೇ ಪ್ರದರ್ಶನಕ್ಕೆ ಮನೆಯಿಂದ ಮಾಡೆಲ್ ಇದ್ದರೆ ತನ್ನಿ ಎಂದರು, ವರ್ಕ್‌ಶಾಪಿಗೆ ಒಯ್ದು ಕೊಟ್ಟೆ. ಹುಡುಗರೆಲ್ಲ ಮುತ್ತಿಕೊಂಡರು. "ಇಂಪೋರ್ಟೆಡ್ಡಾ?" ಎಂದ ಒಬ್ಬ. ಅವನ ಅಪ್ಪನಿಗೆ ಸ್ವಂತ ಫ್ಯಾಕ್ಟರಿ ಇದೆ. ನಮ್ಮ ತಾತ ಮಾಡಿದ್ದು ಎಂದರೆ, ತಾತ ಏನು ಓದಿದ್ದಾರೆ ಎನ್ನುತ್ತಾನೆ, ಏಳನೇ ಕ್ಲಾಸು ಎಂದರೆ ಎಲ್ಲರೂ ನಗುತ್ತಾರೆ, ಎಂದೆಲ್ಲ ಒಂದೇ ಸೆಕೆಂಡಿನಲ್ಲಿ ಯೋಚಿಸಿ "ಹೂಂ" ಎಂದುಬಿಟ್ಟೆ. ವರ್ಕ್‌ಶಾಪ್ ಸರ್ ಮಾಡೆಲ್ ಮುಂದೆ ಇಡುವ ಕಾರ್ಡಿಗೆ ಅದನ್ನೇ ಬರೆದುಕೊಂಡರು: ತಯಾರಿಕೆ, ವಿದೇಶಿ ಕಂಪನಿ. ಮೂರು ದಿನ ನಾನು ಸರ್ ಕಣ್ಣಿಗೆ ಬೀಳದಂತೆ ಓಡಾಡಿದೆ.

ಇವತ್ತು ಸರ್ ನನ್ನನ್ನು ಕರೆಸಿದರು. ಲೆನ್ಸ್ ಹಿಡಿದು ಇಂಜಿನ್ನಿನ ಎಡಗಡೆ ಬಗ್ಗಿದ್ದರು. "ಏನಮ್ಮಾ, ಮೂರು ಮೆಟ್ಟಿಲು ನೆಟ್ಟಗಿವೆ, ಇದೊಂದು ಸೊಟ್ಟ. ಯಾವ ಕಂಪನಿಯೋನಾದ್ರೂ ಹೊಸ ಮಾಲಿಗೆ ಸೊಟ್ಟ ಮೆಟ್ಟಿಲು ಹಾಕ್ತಾನಾ? ಇದನ್ನ ಮಾಡಿದೋರು ಆ ಇಂಜಿನ್ ಜೊತೆ ಬದುಕಿದಾರೆ." ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಕಾರ್ಖಾನೆಯಲ್ಲಿ ಆ ಇಂಜಿನ್ ಓಡಿಸುತ್ತಿದ್ದ, ದಢೂತಿ ಮೈಗೆ ಎಲ್ಲರೂ ಆನೆ ಎನ್ನುತ್ತಿದ್ದ ಡ್ರೈವರ್ ಕಥೆ ಹೇಳಿದೆ. ಅವರು ದಿನಾ ಅದೇ ಮೆಟ್ಟಿಲು ತುಳಿದು ಹತ್ತುತ್ತಿದ್ದದ್ದು, ಆ ಭಾರಕ್ಕೆ ಅದು ಬಗ್ಗುತ್ತಿದ್ದದ್ದು, ನೀವು ಮೂರು ಸಲ ನೆಟ್ಟಗೆ ಮಾಡಿ ಕೊನೆಗೆ "ಹಾಳಾಗ್ಹೋಗು ಮಾರಾಯ, ಹೀಗೇ ಇರ್ಲಿ" ಎಂದು ಬಿಟ್ಟದ್ದು, ಮಾಡೆಲ್ಲಿನಲ್ಲೂ ಅಳತೆ ಹಿಡಿದು ಅಷ್ಟೇ ಬಗ್ಗಿಸಿದ್ದು. ನಮ್ಮ ತಾತ ಮಾಡಿದ್ದು ಸರ್, ಆವತ್ತು ಸುಳ್ಳು ಹೇಳಿದೆ, ಎಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಎಲ್ಲರನ್ನೂ ಕರೆದು ಆ ಮೆಟ್ಟಿಲು ತೋರಿಸಿದರು. ಫ್ಯಾಕ್ಟರಿ ಹುಡುಗ ಎರಡು ಸಲ ಸಾಲಿನಲ್ಲಿ ನಿಂತ.

ನನ್ನ ಮೇಲೆ ಕೋಪವಿದ್ದರೆ ಬೈದು ಬರೆಯಿರಿ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಡ್ರಾಪ್ಸ್ ನಿಜವಾಗಿ ಹಾಕಿಕೊಳ್ಳಿ.

ನಿಮ್ಮ ಮೊಮ್ಮಗಳು,
ಪುಕ್ಕಲಿ

ತಾ. ಕ.: ಸರ್ ಹಳೆಯ ಸಾಲು ಹೊಡೆದುಹಾಕಿ, "ಹೇಳು, ಅವರ ಹೆಸರೇನು?" ಎಂದು ಪೆನ್ನು ಹಿಡಿದು ಕಾದರು. ತಾತ, ನನಗೆ ಗೊತ್ತಿರಲಿಲ್ಲ. ಅಜ್ಜಿ "ಇವರೇ" ಎನ್ನುತ್ತಾರೆ, ಅಮ್ಮ "ಅಪ್ಪ" ಎನ್ನುತ್ತಾಳೆ, ಬೀದಿಯವರೆಲ್ಲ "ಫಿಟ್ಟರ್" ಎನ್ನುತ್ತಾರೆ, ಈ ಕವರಿನ ಮೇಲೂ ಅದನ್ನೇ ಬರೆದಿದ್ದೇನೆ. ಅಮ್ಮನಿಗೆ ಫೋನ್ ಮಾಡಿದರೆ "ತಾತನ ಹೆಸರೂ ಗೊತ್ತಿಲ್ವಾ ನಿಂಗೆ?" ಎನ್ನುತ್ತಾಳೆ, ಏನು ಹೇಳಲಿ? ಇಪ್ಪತ್ತೈದಕ್ಕೆ ಕಾರ್ಡು ಪ್ರಿಂಟಿಗೆ ಹೋಗುತ್ತದೆ. ಇನಿಷಿಯಲ್ ಸಮೇತ ಪೂರ್ತಿ ಹೆಸರನ್ನು ನಿಮ್ಮ ಕೈಯಾರೆ ಬರೆದು ಕಳಿಸಿ. ದಯವಿಟ್ಟು ಬೇಗ ಉತ್ತರ ಬರೆಯಿರಿ.