ಮುನ್ಶಿಯವರ ಹಿಂದೆ ನಡೆದ ಗಡಿಯಾರ

ಹುಮನಾಬಾದ, ಧರ್ಮದ ಚಾಳು
ಫಾಲ್ಗುಣ ಶುದ್ಧ ಪಂಚಮಿ, ೧೯೩೮

ಚಿರಂಜೀವಿ ಸೂಗಮ್ಮನಿಗೆ ಅತ್ತೆ ಭಾಗಮ್ಮ ಮಾಡುವ ಪ್ರೀತಿಯ ಆಶೀರ್ವಾದ.

ಹೇಗಿದ್ದೀಯೇ ತಾಯಿ? ಕೂಸು ಹೇಗಿದೆ? ಹೊಟ್ಟೆ ತುಂಬ ಹಾಲು ಕುಡಿಯುತ್ತದೆಯೇ? ಬೋರಲು ಬೀಳಲು ಕಲಿಯಿತೇ? ಹೆಸರಿಟ್ಟ ದಿನ ನಿನ್ನ ತವರು ಕಲ್ಯಾಣಿಗೆ ಬಂದು ನೋಡಿದ್ದೇ ನೋಡಿದ್ದು, ಆಗ ಮುಖ ನನ್ನ ಮುಷ್ಟಿಯಷ್ಟಿತ್ತು. ನಿನ್ನ ತಾಯಿ ದಿನಾ ಎಣ್ಣೆ ಹಚ್ಚಿ ಎರೆಯುತ್ತಾರೆಂದು ಬಲ್ಲೆ, ಆದರೂ ನೆತ್ತಿಗೆ ಇನ್ನೊಂದು ಹನಿ ಹೆಚ್ಚು ಹಾಕಲು ಹೇಳು. ಅತ್ತೆ ಇಲ್ಲಿ ಕೂತೇ ಅಲ್ಲಿನವರಿಗೆ ಕೆಲಸ ಹೇಳುತ್ತಾಳೆ ಎಂದು ನಗಬೇಡ. ನೀನೂ ಅಂಟಿನುಂಡೆ ತಿನ್ನುವುದನ್ನು ಬಿಡಬೇಡ. ಇಲ್ಲಿ ನಿನ್ನ ಗಂಡ ಮಹಾರುದ್ರಪ್ಪನ ಬಲಗೈಯ ಕಟ್ಟು ಬಿಚ್ಚಿದ್ದಾರೆ. ಮೊನ್ನೆ ತಾನೇ ರೊಟ್ಟಿ ಮುರಿದುಕೊಂಡು ತಿಂದ. ಮೂರು ತಿಂಗಳು ಆ ಕೋಣನಂಥವನಿಗೆ ತುತ್ತು ಮಾಡಿ ಬಾಯಿಗಿಟ್ಟವಳು ನಾನು, ಅದಕ್ಕೆ ಮೊನ್ನೆ ಕಣ್ಣಲ್ಲಿ ನೀರು ಬಂತು. ಮೂಟೆ ಎತ್ತುವುದು ಮಾತ್ರ ಮಳೆಗಾಲದವರೆಗೆ ಬೇಡವಂತೆ.

ಇನ್ನು ಮನೆಯ ಸುದ್ದಿ. ಅಡತಿ ಅಂಗಡಿಯ ಬಂಡಿಯಿಂದ ಬಿದ್ದು ಇವನ ಕೈ ಮುರಿದಾಗಿನಿಂದ ಬಾಡಿಗೆ ಕೊಟ್ಟಿಲ್ಲ. ಉಗಾದಿಯೊಳಗೆ ಈ ಏಳನೆಯ ಖೋಲಿ ಬಿಡಬೇಕೆಂದು ಚೀಟಿ ಬಂದದ್ದೂ ನಿನಗೆ ಗೊತ್ತು. ಅದನ್ನು ಕೇಳಿ ನೀನು ಹೇಳಿ ಕಳಿಸಿದೆಯಲ್ಲ, “ಸೂರು ಉಳಿಯೂದು ಖಾತ್ರಿ ಆಗೂ ತನಕ ಕೂಸಿನ್ನ ಕರ್ಕೊಂಡು ಬರಾಂಗಿಲ್ಲ” ಅಂತ, ಎರಡು ದಿನ ನಿನ್ನ ಮೇಲೆ ಕೆಂಡವಾಗಿದ್ದೆ. ಎಲ್ಲರ ಮುಂದೆ ನಿನ್ನನ್ನು ಬೈದೆ, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ, ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಖೋಲಿ ಹೋದರೆ ನಾನು ತವರೂರು ನಿರ್ಣಾಕ್ಕೆ ಹೋಗಿ ತಮ್ಮನ ಪಡಸಾಲೆ ಸೇರಬೇಕು, ಇವನು ಅಡತಿಯ ಮೂಟೆಗಳ ನಡುವೆ ಮಲಗಬೇಕು, ನೀನೂ ಕೂಸೂ ಕಲ್ಯಾಣಿಯಲ್ಲೇ ಉಳಿಯಬೇಕು. ಮೊಮ್ಮಗಳನ್ನು ವರ್ಷಕ್ಕೊಮ್ಮೆ ಹೋಗಿ ನೆಂಟಳ ಹಾಗೆ ನೋಡಿ ಬರುವುದು ನನ್ನಿಂದ ಆಗದ ಮಾತು.

ಮನೆಯಿಲ್ಲದ ಕೂಲಿಯವರಿಗಾಗಿಯೇ ಯಾರೋ ಪುಣ್ಯಾತ್ಮರು ಕಟ್ಟಿಸಿದ ಚಾಳು ಇದು, ಬಾಡಿಗೆಯೂ ಕಡಿಮೆ. ಕಷ್ಟಕ್ಕೆ ಬಿದ್ದವರಿಗೆ ಅದನ್ನೂ ಮಾಫಿ ಮಾಡುವ ಪದ್ಧತಿ ಉಂಟೆಂದು ಪಕ್ಕದ ಖೋಲಿಯ ಜೈನಬಿ ಹೇಳಿದಳು. ಪಾಪ, ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಬದುಕುವವಳು ಅವಳು. ಇಬ್ಬರೂ ಕೂಡಿಯೇ ಅರ್ಜಿ ಕೊಟ್ಟೆವು. ಚಾಳಿನ ಕಾರಭಾರ ನೋಡುವ ಅಜೀಮುದ್ದೀನ್ ಮುನ್ಶಿಯವರು ಕಲ್ಯಾಣಿಯಿಂದ ಖುದ್ದಾಗಿ ಬರುತ್ತಾರೆ, ಮನೆ ಹೊಕ್ಕು ನೋಡಿ, ಕಷ್ಟ ನಿಜವೆಂದು ಕಂಡರೆ ಮಾಫಿ ಬರೆಯುತ್ತಾರೆ ಎಂದು ಸುದ್ದಿ ಬಂತು.

ದೊಡ್ಡವರು ಬರುತ್ತಾರೆಂದರೆ ನಮ್ಮ ಚಾಳಿನ ರೀತಿ ನಿನಗೆ ಗೊತ್ತಲ್ಲ! ಹನ್ನೆರಡು ಖೋಲಿಗಳ ಒಳ್ಳೆಯ ಸಾಮಾನೆಲ್ಲ ಆ ಒಂದು ಖೋಲಿಗೆ ಬಂದುಬಿಡುತ್ತದೆ. ನಿನ್ನೆ ಬೆಳಗಾಗುತ್ತಲೇ ಎದುರು ಖೋಲಿಯ ಗಯಾಬಾಯಿ ತನ್ನ ಗೋಡೆ ಗಡಿಯಾರ ತಂದು ತೂಗುಹಾಕಿದಳು, ಅದೇ, ಎಷ್ಟು ಹೊತ್ತಾದರೂ ನಾಲ್ಕೇ ಹೊಡೆಯುವುದು. ಕೊನೆಯ ಖೋಲಿಯ ಸರ್ವರಿ ತನ್ನ ಮದುವೆಯ ರೇಶ್ಮೆ ಚಾದರ ಹಾಸಿದಳು, ಕುರ್ಚಿ ಹೊರಿಸಿಕೊಂಡು ಬಂದಳು. ಜೈನಬಿ ಅಜ್ಜಿಯ ಕಾಲದ ಬಿದರಿ ಪಾನದಾನ ಇಟ್ಟಳು. ತಾಮ್ರದ ಹಂಡೆಗಳು ಯಾರ ಯಾರ ಮನೆಯವೋ, ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಈಗ ಹೇಳಿಬಿಡುತ್ತೇನೆ, ನಿಮ್ಮಪ್ಪ ಸಂಬಂಧ ನೋಡಲು ಬಂದ ದಿನ ನಮ್ಮ ಮನೆಯಲ್ಲಿ ನಾಲ್ಕು ಹೊಡೆದದ್ದೂ ಇದೇ ಗಡಿಯಾರ. ಅವರಿಗೆ ಹೇಳಬೇಡ. ಹರಿದ ಅಂಗಿ ಕಂಡರೆ ಮರ್ಯಾದೆ ಹೋಗುತ್ತದೆಂದು ಮಹಾರುದ್ರಪ್ಪನನ್ನು ಹಿತ್ತಲಿಗೆ ಅಟ್ಟಿದೆವು. ಯಾವ ಕೈಗಾಗಿ ಅರ್ಜಿ ಕೊಟ್ಟೆವೋ ಆ ಕೈಯನ್ನೇ ಬಚ್ಚಿಟ್ಟೆವು ನೋಡು! ಹನ್ನೆರಡು ಮನೆಯ ಹೆಂಗಸರಲ್ಲಿ ಒಬ್ಬಳಿಗಾದರೂ ಹೊಳೆಯಬಾರದೇ?

ಮುನ್ಶಿಯವರು ಬಂದರು. ಬಿಳಿ ಗಡ್ಡ, ಸಣ್ಣ ಮಾತು, ಬಹಳ ಸಂಭಾವಿತರು. ಕುರ್ಚಿಯ ಮೇಲೆ ಕೂತು ಚಹಾ ಕುಡಿದರು, ಪಾನು ಹಾಕಿಕೊಂಡರು, ಸುತ್ತ ಕಣ್ಣಾಡಿಸಿದರು. ಗಡಿಯಾರ ನಾಲ್ಕು ಹೊಡೆಯಿತು, ಹೊರಗೆ ಇನ್ನೂ ಬೆಳಗಿನ ಬಿಸಿಲು. “ಸಂತೋಷ ಆಯ್ತ್ರಿ ಅಮ್ಮಾ. ದೇವರು ನಿಮಗ ಎಲ್ಲಾ ಕೊಟ್ಟಾನ. ನಿಮಗ ಮಾಫಿ ಯಾಕ ಬೇಕ್ರಿ?” ಎಂದು ಎದ್ದೇಬಿಟ್ಟರು. ಅವರು ಜೈನಬಿಯ ಮನೆಗೆ ಹೊರಟರು. ಅಷ್ಟರಲ್ಲಿ ನಮ್ಮ ಚಾಳಿನ ಹೆಂಗಸರು ಸುಮ್ಮನಿರಬೇಕೋ ಬೇಡವೋ? ಆ ಮನೆಗೂ ಬರುವವರು ಅವರೇ ಅಲ್ಲವೇ ಎಂದು, ಅವರು ಅಂಗಳದಲ್ಲಿ ಯಾರನ್ನೋ ಮಾತಾಡಿಸುವಷ್ಟರಲ್ಲಿ, ಹಿತ್ತಲ ಬಾಗಿಲಿನಿಂದ ಕುರ್ಚಿ, ಚಾದರ, ಪಾನದಾನ, ಗಡಿಯಾರ ಎಲ್ಲವನ್ನೂ ಅಲ್ಲಿಗೆ ಸಾಗಿಸಿಯೇಬಿಟ್ಟರು. ಮುನ್ಶಿಯವರು ಹೋಗಿ ಕೂತರು. ಕುರ್ಚಿ ಇನ್ನೂ ಬೆಚ್ಚಗಿತ್ತೋ ಏನೋ, ಒಮ್ಮೆ ಕೈಯಿಂದ ಮುಟ್ಟಿ ನೋಡಿದರು. ಮೇಲೆ ಗಡಿಯಾರ ಮತ್ತೆ ನಾಲ್ಕು ಹೊಡೆಯಿತು. “ಏನ್ರಿ ಇದು? ಈ ಗಡಿಯಾಳ ನನ್ನ ಹಿಂದಿಂದ ನಡ್ಕೋಂತ ಬರಾಕತ್ತದಲ್ಲ!” ಎಂದರು.

ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು, “ನಾವು ಬಡವರು ಖರೆ ಸಾಹೇಬ್ರ, ಆದ್ರ ನಮ್ಮ ಮನಿಗೆ ಬಂದವರು ಮುರುಕ ಚಾಪಿ ಮ್ಯಾಲ ಕೂತು ಹೋಗಬಾರದು. ಅದಕ್ಕ ಹಿಂಗ ಮಾಡೀವ್ರಿ, ಬೇಕಾದ್ರ ಬೈರಿ” ಎಂದೆ. ಅವರು ಬೈಯಲಿಲ್ಲ. ಎಷ್ಟು ನಕ್ಕರೆಂದರೆ, ಜೈನಬಿ ಕೊಟ್ಟ ಚಹಾ ಗಡ್ಡದ ಮೇಲೆ ಚೆಲ್ಲಿತು. ಸಾಮಾನೆಲ್ಲ ತಿರುಗಿ ನಮ್ಮ ಮನೆಯಲ್ಲಿಡಿಸಿ, ಯಾರದು ಅವರವರು ಒಯ್ಯಿರಿ ಎಂದರು. ಒಬ್ಬೊಬ್ಬರಾಗಿ ಬಂದು ಒಯ್ದರು. ಉಳಿದದ್ದು ಒಂದು ಹಂಚು, ಬೀಸುವ ಕಲ್ಲು, ಎರಡು ಕೌದಿ, ಮೇಲೆ ಮಾಳಿಗೆಯಲ್ಲಿ ಬೆಳಕು ಬೀಳುವಷ್ಟು ತೂತು. ಮತ್ತೆ ಜಂತಿಗೆ ಕಟ್ಟಿದ ತೊಟ್ಟಿಲು. “ಇದೂ ಯಾರದಾರ ಎರವಲ ಏನ್ರಿ?” ಎಂದು ಕೇಳಿದರು. ಆಗ ಹಿತ್ತಲಿನಿಂದ ನಿನ್ನ ಗಂಡ ಹರಿದ ಅಂಗಿಯಲ್ಲೇ ಬಂದು, “ಅದು ನಮ್ಮದರಿ” ಎಂದ. ಅದರ ಹಗ್ಗ ಅವನೇ ಹೊಸೆದದ್ದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯೊಂದರಿಂದಲೇ. ಮುನ್ಶಿಯವರು ಅವನ ಕೈ ನೋಡಿದರು, ಹಗ್ಗ ನೋಡಿದರು, ತೊಟ್ಟಿಲನ್ನು ಒಮ್ಮೆ ಮೆಲ್ಲಗೆ ತೂಗಿದರು. ಅಲ್ಲೇ ನಿಂತು ದಸರೆಯವರೆಗೆ ನಮಗೂ ಜೈನಬಿಗೂ ಮಾಫಿ ಬರೆದರು. ಮಾಳಿಗೆಯ ತೂತು ಮುಚ್ಚಲು ಮಣ್ಣು, ಮರವನ್ನೂ ಕಳಿಸುತ್ತಾರಂತೆ. ನಾನು ಅವರ ಮುಂದೆಯೇ ಹೋ ಎಂದು ಅತ್ತೆ. ಗಯಾಬಾಯಿ ಇವತ್ತೂ ಆ ಅಳುವನ್ನೇ ಹಿಡಿದು ಆಡಿಕೊಳ್ಳುತ್ತಿದ್ದಾಳೆ.

ನಿನ್ನ ತಂದೆ ತಾಯಿಯವರಿಗೆ ನನ್ನ ಶರಣು ತಿಳಿಸು. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು, ದೃಷ್ಟಿ ತೆಗೆಯುವುದನ್ನು ಮರೆಯಬೇಡ. ಜೈನಬಿ, ಸರ್ವರಿ, ಗಯಾಬಾಯಿ ಮೂವರೂ ನಿನ್ನನ್ನು ಬಹಳ ಕೇಳಿದ್ದಾರೆ. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅತ್ತೆ,
ಭಾಗಮ್ಮ

ತಾಜಾ ಕಲಂ: ಈ ಪತ್ರ ತರುವವರು ಆ ಮುನ್ಶಿಯವರೇ, ಮೋಟಾರು ಹೊರಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಖೋಲಿಯಿಂದ ಹೊರಡುವಾಗ ಅವರು, “ಉಗಾದಿ ಮುಂದ ಮತ್ತ ಬರ್ತೀನ್ರಿ. ತೊಟ್ಲ ಖಾಲಿ ಇದ್ರ ಅದನ್ನೂ ಎರವಲ ಅಂತನೇ ಬರ್ಕೋತೀನಿ” ಎಂದರು. ನಗುತ್ತಲೇ ಹೇಳಿದರು, ಆದರೂ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಸರ್ವರಿ ಆ ದಿನದ ಮಟ್ಟಿಗೆ ತನ್ನ ಕೂಸನ್ನು ಕೊಡುತ್ತೇನೆ, ಮಲಗಿಸಿಕೊಳ್ಳಿ ಎನ್ನುತ್ತಿದ್ದಾಳೆ. ಬೇಡ ತಾಯಿ, ಗಡಿಯಾರ, ಕುರ್ಚಿ ಎಲ್ಲ ಎರವಲು ತಂದು ಸಾಕಾಯಿತು. ಆ ತೊಟ್ಟಿಲಿಗೆ ನಮ್ಮದೇ ಬೇಕು. ನಿನ್ನನ್ನು ಬೈದದ್ದು ನನ್ನದೇ ತಪ್ಪು. ಸೂರು ಉಳಿಯಿತು, ಬಾರವ್ವ.