ಪಾಲಿಗೆ ಬಂದ ಕವರುಗಳು

ಅಜ್ಜಂಪುರ
12 ಫೆಬ್ರವರಿ 2025, ಬುಧವಾರ

ವಿದ್ಯಾಶ್ರೀಯ ಅಣ್ಣನವರಿಗೆ ಸೌಮ್ಯಳ ನಮಸ್ಕಾರಗಳು.

ನಿಮ್ಮ ಹಳೆಯ ಜಾಝ್ ರೆಕಾರ್ಡುಗಳನ್ನೆಲ್ಲ ಕೊಳ್ಳಲು ಬೆಂಗಳೂರಿನ ಸಂಗ್ರಾಹಕರೊಬ್ಬರು ಒಪ್ಪಿದ್ದಾರೆ. ಭಾನುವಾರ ತರೀಕೆರೆಗೆ, ನಿಮ್ಮ ಮನೆಗೆ ಬರುತ್ತಾರೆ. ರಟ್ಟಿನ ಕವರಿಲ್ಲದ ತಟ್ಟೆ ಅವರಿಗೆ ಬೇಡವಂತೆ. ಇಷ್ಟನ್ನೂ ಹೇಳಿದವಳು ನಿಮ್ಮ ತಂಗಿ, ನಿನ್ನೆ ಇಲ್ಲಿಗೆ ಬಂದಾಗ. ನೀವೇ ಫೋನ್ ಮಾಡಿ ಕವರು ಕೇಳಬಹುದಿತ್ತು. ಮಾಡಿದ್ದರೂ "ಹೂಂ" ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಿದ್ಯಾಶ್ರೀ ನಾಳೆ ಹೊರಡುತ್ತಾಳೆ, ಈ ಕಾಗದ ಅವಳ ಕೈಲೇ ಕಳಿಸುತ್ತೇನೆ.

ನಮ್ಮ ಸಂಸಾರ ಎರಡಾದಾಗ ಮಠದ ಜಗಲಿಯಲ್ಲಿ ಕೂತು ಪಾತ್ರೆ, ಮಂಚ, ಬೀರು ಪಾಲು ಮಾಡಿದ ಓಂಕಾರಮೂರ್ತಿ ಮಾವ, ರೆಕಾರ್ಡುಗಳಿಗೆ ಬಂದಾಗ ತೆಂಗಿನ ತೋಟದ ಲೆಕ್ಕ ಹಿಡಿದರು. ಅಣ್ಣತಮ್ಮಂದಿರಲ್ಲಿ ಮರ ಒಬ್ಬನಿಗೆ, ನೆಲ ಇನ್ನೊಬ್ಬನಿಗೆ ಹೋಗುವ ಹಾಗೆ ತಟ್ಟೆ ನಿಮಗೆ, ಕವರು ನನಗೆ. "ಒಂದರೊಳಗೆ ಒಂದೈತೆ ಅಂದ್ಮೇಲೆ ಎರಡು ಸಾಮಾನು ತಾನೆ? ಸಮ ಆಯ್ತು, ಏಳ್ರಪ್ಪ ಊಟಕ್ಕೆ" ಎಂದರು. ನೀವು ತಟ್ಟೆಗಳನ್ನು ಎತ್ತಿಕೊಂಡಿರಿ. ನಾನೂ ಹಟಕ್ಕೆ ಬಿದ್ದು ಖಾಲಿ ಕವರುಗಳನ್ನು ಹೊತ್ತು ತಂದೆ. ವಿದ್ಯಾಶ್ರೀ ಈಗಲೂ ಆಡಿಕೊಳ್ಳುತ್ತಾಳೆ: "ಅಣ್ಣನತ್ರ ದೋಸೆ, ನಿಮ್ಮತ್ರ ಎಲೆ. ಇಬ್ರೂ ಉಪವಾಸ ಕಣ್ರೀ ಅತ್ಗೆ."

ಗಂಡನ ರೆಕಾರ್ಡಿನ ಹುಚ್ಚು ತಾಳಲಾರದೆ ಬಂದಳು ಎಂದು ಊರವರು ಹೇಳುತ್ತಾರೆ. ಅದು ಸರಿಯಲ್ಲ. ಬೆಟ್ಟದ ಮೇಲೆ ಯಾವುದಾದರೂ ಎಸ್ಟೇಟ್ ಬಂಗಲೆ ಖಾಲಿಯಾಗುತ್ತದೆ ಎಂದರೆ ನೀವು ಲಿಂಗದಹಳ್ಳಿ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿ, ರೆಕಾರ್ಡುಗಳನ್ನು ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದಿರಿ. ಒರೆಸಿ, ಬೆಳಕಿಗೆ ಹಿಡಿದು, ಗೀರು ನೋಡಿ, ಬೀರುವಿನಲ್ಲಿ ನಿಲ್ಲಿಸುತ್ತಿದ್ದಿರಿ. ನುಡಿಸುತ್ತಿರಲಿಲ್ಲ. ಕೇಳಿದರೆ "ಪ್ಲೇಯರಿನ ಮುಳ್ಳು ಇಟ್ರೆ ಸವ್ದೋಗುತ್ತೆ ಕಣೇ" ಎನ್ನುತ್ತಿದ್ದಿರಿ. ಅಷ್ಟು ಸಂಗೀತವಿದ್ದ ಮನೆಯಲ್ಲಿ ನಾವಿಬ್ಬರು ಉಣ್ಣುವಾಗ ಲೋಟದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಎದ್ದು ಬಂದದ್ದು ಅದಕ್ಕೆ.

ಇಲ್ಲಿ ಸಂಜೆ ಹೊತ್ತು ನಿಘಂಟು ಪಕ್ಕದಲ್ಲಿಟ್ಟುಕೊಂಡು ಕವರುಗಳ ಬೆನ್ನಿನ ಇಂಗ್ಲಿಷ್ ಓದಿದೆ. ನೀವು ಎಲ್ಲಕ್ಕಿಂತ ಅಪರೂಪದ್ದು ಎನ್ನುತ್ತಿದ್ದ ರೆಕಾರ್ಡು, ಗೋವಾದವರು ಕಲ್ಕತ್ತದ ಹೋಟೆಲಿನಲ್ಲಿ ನುಡಿಸಿದ್ದು. ಅದರ ಎರಡನೇ ಬದಿಯಲ್ಲಿ ಕ್ಲಾರಿನೆಟ್ಟಿನವನು ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ ತೋಚಿದ್ದನ್ನು ನುಡಿಸುತ್ತಾನಂತೆ. ಟ್ರಂಪೆಟ್ಟಿನವನು ಅದು ಮುಗಿಯುವವರೆಗೆ ಕಾದು ಉತ್ತರ ಕೊಡುತ್ತಾನಂತೆ. ಅದನ್ನು ನಿಮ್ಮ ಜೊತೆ ಕೂತು ಒಮ್ಮೆ ಕೇಳಬೇಕು ಎಂಬ ಆಸೆ ನನಗಿದೆ. ಮಾರಿಹೋದರೆ ಆಗುವುದಿಲ್ಲ.

ನೀವು ಕೊಬ್ಬರಿ ಅಂಗಡಿಯ ಹಿಂದಿನ ಮನೆ ಬಿಟ್ಟು, ಕಡೂರಿನಲ್ಲಿ ತಂಗಿಯ ಮನೆಯ ಒಂದು ಕೋಣೆಗೆ ಹೋಗುತ್ತೀರಿ, ಜಾಗವಿಲ್ಲವೆಂದೇ ಮಾರುತ್ತಿದ್ದೀರಿ ಎಂದು ತಿಳಿಯಿತು. ಇಲ್ಲಿ ನಡುಮನೆಯಲ್ಲಿ ಒಂದು ಗೋಡೆ ಪೂರ್ತಿ ಖಾಲಿಯಿದೆ. ಗೋಡೆಗೆ ಒರಲೆ ಹುಳ ಹತ್ತಿಲ್ಲ, ಬಿಸಿಲೂ ಬೀಳುವುದಿಲ್ಲ. ತಿಳಿದಿರಲಿ ಎಂದು ಬರೆದೆ.

ಭಾನುವಾರ ಕವರುಗಳನ್ನು ನಾನೇ ತರುತ್ತೇನೆ. ಪೆಟ್ಟಿಗೆ ಭಾರವಿದೆ, ಬಸ್ ಸ್ಟ್ಯಾಂಡಿಗೆ ಬನ್ನಿ. ಪ್ಲೇಯರಿಗೆ ಹೊಸ ಮುಳ್ಳು ಹಾಕಿಸಿಡಿ.

ಇತಿ,
ಸೌಮ್ಯ

ಮೇಲೆ ಬರೆಯದೆ ಉಳಿದದ್ದು: ವಿದ್ಯಾಶ್ರೀಯಿಂದ ನಂಬರು ಪಡೆದು ಇವತ್ತು ಬೆಳಿಗ್ಗೆ ಬೆಂಗಳೂರಿನವರ ಹತ್ತಿರ ಮಾತಾಡಿದೆ. ಕವರುಗಳು ನನ್ನ ಪಾಲಿನವು, ಮಾರುವುದಿಲ್ಲ ಎಂದೆ. ಅವರು ಬರುವುದಿಲ್ಲ. ನನ್ನ ಬಸ್ಸು ಭಾನುವಾರ ಒಂಬತ್ತೂವರೆಗೆ ತರೀಕೆರೆ ತಲುಪುತ್ತದೆ.