ಬಿಡುಕಾಳಿಗೆ ತಾಗಿದ ಬಿಸಿ

೨೧೯೮ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ
ಸೋಯಾ ಕಾರ್ಖಾನೆ, ಬೀದರ್ ಸೀಮೆ

ಇಂದುಮತಿ ಅಜ್ಜಿಯವರಿಗೆ, ಆರು ತಲೆಮಾರಿನಾಚೆಯ ನಿಮ್ಮ ಮೊಮ್ಮಗಳು ಕಸ್ತೂರಿಯ ನಮಸ್ಕಾರಗಳು.

ಹದಿಮೂರನೇ ತಿಂಗಳೆಂದರೆ ಗಾಬರಿಯಾಗಬೇಡಿ. ಮಳೆಗಾಲ ಉದ್ದವಾದ ಮೇಲೆ ನಾವು ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಜವಾಗಿ ಕ್ಷಮೆ ಕೇಳಬೇಕಾದದ್ದು ಬೇರೆಯೇ ಇದೆ. ಇದು ಬರೀ ಅಭ್ಯಾಸಕ್ಕೆ.

ನೀವು ಪ್ರಯೋಗಾಲಯದಲ್ಲಿ ದುಡಿಯುವ ಆ ಕಾರ್ಖಾನೆ ಇನ್ನೂ ನಡೆಯುತ್ತಿದೆ. ನಿಮ್ಮ ಬಯೋಡೀಸೆಲ್ಲಿಗೆ ನಾವು ಗಾಡಿಎಣ್ಣೆ ಎನ್ನುತ್ತೇವೆ. ಹನ್ನೆರಡು ಊರಿನ ನೀರಿನ ಪಂಪು, ಶಾಲೆಯ ಬಸ್ಸು, ಆಸ್ಪತ್ರೆಯ ದೀಪ ಎಲ್ಲ ಅದರಿಂದಲೇ. ಬಸ್ಸು ಹೋದಲ್ಲೆಲ್ಲ ಭಜಿ ಕರಿದ ವಾಸನೆ. ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳು ಬುತ್ತಿ ಖಾಲಿ ಮಾಡಿರುತ್ತಾರೆ. ಹಿಂಡಿ ಎಮ್ಮೆಗಳಿಗೆ, ಗ್ಲಿಸರಿನ್ ಸಾಬೂನಿಗೆ. ನೀವು ಹಾಕಿಕೊಟ್ಟ ಪದ್ಧತಿಯನ್ನೂ ಬಿಟ್ಟಿಲ್ಲ. ಬಂದ ಪ್ರತಿ ಗಾಡಿಯಿಂದ ಒಂದು ಬುಟ್ಟಿ ಕಾಳನ್ನು ಎಣ್ಣೆಗೆ ಹಾಕದೆ ಬಿತ್ತನೆಗೆಂದು ಎತ್ತಿಡುತ್ತೇವೆ. ಅದೇ ಬಿಡುಕಾಳು. ಹೊರಗಿನಿಂದ ಬೀಜ ಬರುವುದು ನಿಂತು ಎಷ್ಟೋ ಕಾಲವಾಯಿತು, ಹನ್ನೆರಡೂ ಊರಿಗೆ ಬಿಡುಕಾಳೇ ಗತಿ. ಅದನ್ನು ಕಾಯುವವಳು ನಾನು.

ಈ ಸಲ ಉಗ್ರಾಣಕ್ಕೆ ತೇವ ಹೊಕ್ಕಿತು. ಒಂದು ಕಾಳು ಕಚ್ಚಿ ನೋಡಿದೆ; ಕಟ್ ಎನ್ನಲಿಲ್ಲ, ಹಲ್ಲಿಗೆ ಮೆತ್ತಗಾಯಿತು. ಎಣ್ಣೆಯ ಕಾಳಿಗೆ ಮಾಡುವಂತೆಯೇ ಅಷ್ಟನ್ನೂ ಬಿಸಿಗಾಳಿಯ ಡ್ರೈಯರಿಗೆ ಹಾಕಿಸಿದೆ. ಸಿಪ್ಪೆ ಬಿಟ್ಟು, ಗಲಗಲ ಎನ್ನುತ್ತ ಹೊರಬಂದವು. ನೋಡಿ ಬೀಗಿದೆ. ಹುಟ್ಟಿದಾಗಿನಿಂದ ಕಾಳೆಂದರೆ ಎಣ್ಣೆ ಎಂದೇ ಕಂಡವಳು ನಾನು. ಒಳಗೊಂದು ಜೀವವಿದೆ, ಅದು ಬಿಸಿಗೆ ಸಾಯುತ್ತದೆ ಎಂಬುದು ಹೊಳೆಯಲೇ ಇಲ್ಲ. ಹಂಚುವ ದಿನ ತುಳಜವ್ವ ಎಂಬ ಮುದುಕಿ ಒಂದು ಹಿಡಿ ಎತ್ತಿ, "ಭಾಳ ಚಲೋ ಒಣಗ್ಯಾವ ನೋಡವ್ವ" ಎಂದು ನನ್ನ ಗಲ್ಲ ಸವರಿದಳು.

ಬಿತ್ತಿ ಹತ್ತು ದಿನವಾಯಿತು, ಒಂದೂ ಮೊಳಕೆಯಿಲ್ಲ. ಅನುಮಾನ ಬಂದು ಉಳಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ನಾಲ್ಕನೇ ದಿನಕ್ಕೆ ನಾತ ಹೊಡೆಯಿತು. ಇದು ನನಗೊಬ್ಬಳಿಗೇ ಗೊತ್ತು. ಊರವರು ಮಣ್ಣನ್ನು ಬಯ್ಯುತ್ತಿದ್ದಾರೆ, ಪಾರಿವಾಳಗಳನ್ನು ಬಯ್ಯುತ್ತಿದ್ದಾರೆ. ಎಲ್ಲರ ಹೊಲದಲ್ಲೂ ಬಿತ್ತನೆಯ ಮೊದಲ ಹಿಡಿ ಹಾಕುವವಳು ತುಳಜವ್ವ. ತನ್ನ ಕೈಗುಣವೇ ಕೆಟ್ಟಿತು, ಇನ್ನು ಬೀಜ ಮುಟ್ಟುವುದಿಲ್ಲ ಎಂದು ನಿನ್ನೆ ಅತ್ತಳು. ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಿ ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ನಿಮ್ಮಲ್ಲಿ ಒಂದು ಬೇಡಿಕೆ. ಬಿಡುಕಾಳಿನ ನಿಯಮಗಳನ್ನು ನೀವು ಮುಂದೆ ಹಲಗೆಯ ಮೇಲೆ ಬರೆಸಿ ಉಗ್ರಾಣದ ಗೋಡೆಗೆ ಹಾಕಿಸುತ್ತೀರಿ; ಆ ಹಲಗೆ ಇಂದಿಗೂ ಇಲ್ಲಿದೆ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ಬಿಸಿ ತಾಗಿಸಬೇಡಿ, ನೆರಳಲ್ಲಿ ಆರಿಸಿ. ಇಷ್ಟೂ ತಿಳಿಯದವಳು ವಂಶದಲ್ಲಿ ಹುಟ್ಟುತ್ತಾಳೆಂದು ನಿಮಗೆ ಹೇಗೆ ಗೊತ್ತಾಗಬೇಕು? ನೀವು ಬರೆಸಿದ್ದರೆ ಅದು ಇಷ್ಟರಲ್ಲೇ ಇಲ್ಲಿ ಕಾಣಬೇಕೆಂಬ ಆಸೆಯಿಂದ, ಬರೆಯುತ್ತ ಬರೆಯುತ್ತ ಮೂರು ಸಲ ಎದ್ದು ಹೋಗಿ ನೋಡಿದೆ. ಹಲಗೆ ಇದ್ದಂತೆಯೇ ಇದೆ. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಹೊರಟಿದ್ದೆ, ಅಜ್ಜಿ.

ತುಳಜವ್ವ ಈ ಹೊತ್ತಿಗೆ ಮನೆಯಲ್ಲೇ ಇರುತ್ತಾಳೆ. ಕೆಟ್ಟದ್ದು ನಿನ್ನ ಕೈಯಲ್ಲ, ನನ್ನದು ಎಂದು ಹೇಳಿ ಬರುತ್ತೇನೆ.

ನಿಮ್ಮ
ಕಸ್ತೂರಿ